ಸಹಿ ಮೇಡಂ ಮತ್ತು ನಾಲ್ಕನೆಯ ನಿಯಮ

ವಿದ್ಯಾರ್ಥಿಗಳು ಅವಳಿಗೆ ಇಟ್ಟ ಹೆಸರು ಸಹಿ ಮೇಡಂ. ಪ್ರತಿ ವರ್ಷ ಮೊದಲ ತರಗತಿಗೆ ಅವಳು ಬರುತ್ತಿದ್ದುದೇ ಒಂದು ಕಂತೆ ಕಾಗದ ಹಿಡಿದುಕೊಂಡು. ಹೆಸರು ಕೇಳುವುದಿಲ್ಲ, ಪರಿಚಯ ಮಾಡಿಕೊಳ್ಳುವುದಿಲ್ಲ. ಎಲ್ಲರಿಗೂ ಒಂದೊಂದು ಹಾಳೆ ಹಂಚಿ, "ಕೆಳಗಡೆ ಸಹಿ ಹಾಕಿ ಕೊಟ್ಟುಬಿಡಿ, ಬೇಗ ಬೇಗ" ಎನ್ನುವಳು. ನಲವತ್ತು ಮಂದಿಯಲ್ಲಿ ಮೂವತ್ತೆಂಟು ಜನ ಹಾಕಿ ಕೊಡುತ್ತಿದ್ದರು. ಆಮೇಲೆ ಅವಳು ಅದೇ ಹಾಳೆಯ ಏಳನೆಯ ಸಾಲನ್ನು ಗಟ್ಟಿಯಾಗಿ ಓದುವಳು: 'ನನ್ನ ಎಡಗಡೆಯ ಮೂತ್ರಪಿಂಡವನ್ನು ಪಕ್ಕದ ಬೆಂಚಿನವರಿಗೆ ಕೊಡಲು ನನ್ನ ಪೂರ್ಣ ಒಪ್ಪಿಗೆಯಿದೆ.' ತರಗತಿ ಗೊಳ್ಳೆಂದು ನಗುತ್ತಿತ್ತು. ನಗು ಇಳಿಯುವವರೆಗೆ ಅವಳು ಕಾಯುತ್ತಿದ್ದಳು.

"ನಿಮಗೆ ಓದೋಕೆ ಬರುತ್ತೆ. ಮೈಯಲ್ಲಿ ನೋವಿಲ್ಲ. ನಾನೊಬ್ಬಳು ಬೇಗ ಅಂದೆ, ಅಷ್ಟೆ. ನೀವೇ ಓದ್ಲಿಲ್ಲ. ಇನ್ನು ಹೊಟ್ಟೆ ಹಿಡ್ಕೊಂಡು ಸ್ಟ್ರೆಚರ್ ಮೇಲೆ ಮಲಗಿರೋಳು ಓದ್ತಾಳಾ?"

ಆ ಪ್ರಶ್ನೆ ಕೇಳುವಾಗ ಅವಳ ದನಿಯಲ್ಲಿ ಪಾಠ ಹೇಳುವವರ ಸಮಾಧಾನ ಇರುತ್ತಿರಲಿಲ್ಲ. ಯಾರನ್ನೋ ಕಟಕಟೆಯಲ್ಲಿ ನಿಲ್ಲಿಸಿ ಕೇಳಿದ ಹಾಗಿರುತ್ತಿತ್ತು. ಆ ಕಟಕಟೆಯಲ್ಲಿ ಮೊದಲು ನಿಂತವಳು ಅವಳೇ ಎಂಬುದು ವಿದ್ಯಾರ್ಥಿಗಳಿಗೆ ಗೊತ್ತಿರಲಿಲ್ಲ.

ಉಪನ್ಯಾಸಕಿಯಾಗುವ ಮೊದಲು ಅವಳು ಹದಿನಾಲ್ಕು ವರ್ಷ ನರ್ಸ್ ಆಗಿದ್ದಳು. ಹೆಂಗಸರ ಶಸ್ತ್ರಚಿಕಿತ್ಸೆಯ ವಾರ್ಡು. ಬೆಳಿಗ್ಗೆ ಆರಕ್ಕೆ ಹೋದರೆ ಒಂದು ಕೈಯಲ್ಲಿ ಉಷ್ಣಮಾಪಕ, ಇನ್ನೊಂದರಲ್ಲಿ ಒಪ್ಪಿಗೆ ಪತ್ರಗಳ ಹಲಗೆ. ಎಂಟರೊಳಗೆ ಎಲ್ಲ ಸಹಿಗಳೂ ಆಗಿರಬೇಕು, ಇಲ್ಲದಿದ್ದರೆ ಸರ್ಜನ್ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಹಾಗಾಗಿ ಅವಳು ಕೈ ಚುರುಕು ಮಾಡಿಕೊಂಡಿದ್ದಳು. ಪೆನ್ನು ಕೊಡುವುದು, ಜಾಗ ತೋರಿಸುವುದು, ಕಾಗದ ಎಳೆದುಕೊಳ್ಳುವುದು, ಮುಂದಿನ ಮಂಚ. ಅಷ್ಟು ಚುರುಕಾಗಿ ಸಹಿ ಮಾಡಿಸುವ ನರ್ಸ್ ಇನ್ನೊಬ್ಬಳಿಲ್ಲ ಎಂದು ಸರ್ಜನ್ ಒಮ್ಮೆ ಹೊಗಳಿದ್ದೂ ಉಂಟು. ಆ ಹೊಗಳಿಕೆಗೆ ಅವಳು ಒಂದು ವಾರ ಉಬ್ಬಿಹೋಗಿದ್ದಳು.

ಒಂದು ಬೆಳಿಗ್ಗೆ ಹನ್ನೊಂದನೆಯ ಮಂಚದಲ್ಲಿ ಇಸ್ತ್ರಿ ಅಂಗಡಿಯ ಹೆಂಗಸೊಬ್ಬಳು ಮಲಗಿದ್ದಳು. ಇಪ್ಪತ್ತೊಂಬತ್ತು ವರ್ಷ. ಗಂಡನೂ ಅವಳೂ ಸೇರಿ ರಸ್ತೆ ತಿರುವಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುತ್ತಿದ್ದರು. ಅಂಡಾಶಯದಲ್ಲಿ ನಿಂಬೆಹಣ್ಣಿನ ಗಾತ್ರದ ಗೆಡ್ಡೆ, ಅದನ್ನು ತೆಗೆಯಬೇಕಿತ್ತು. ಮನೆಯಲ್ಲಿ ಬೇರೆ ನುಡಿ ಮಾತಾಡುವವಳು. ಪತ್ರದಲ್ಲಿದ್ದ ಭಾಷೆ ಅವಳಿಗೆ ಅಷ್ಟಕ್ಕಷ್ಟೆ. ಪೆನ್ನು ಹಿಡಿದುಕೊಂಡು ಕೇಳಿದಳು:

"ಸಿಸ್ಟರ್, ಇದರಲ್ಲಿ ಏನು ಬರೆದಿದೆ?"

"ಅದೆಲ್ಲ ಮಾಮೂಲಿ. ಎಲ್ಲರೂ ಹಾಕೋದೇ. ಇಲ್ಲಿ ಹಾಕಿ."

ಅವಳು ಹಾಕಿದಳು. ಸಾಕ್ಷಿಯ ಜಾಗದಲ್ಲಿ ನರ್ಸ್ ತನ್ನ ಸಹಿ ಹಾಕಿದಳು. ಪತ್ರದಲ್ಲಿ ಬರೆದಿದ್ದದ್ದು ಇಷ್ಟು: 'ವೈದ್ಯರಿಗೆ ಅಗತ್ಯವೆನಿಸಿದ ಯಾವುದೇ ಶಸ್ತ್ರಚಿಕಿತ್ಸೆಗೆ ನಾನು ಒಪ್ಪಿದ್ದೇನೆ.' ಮಧ್ಯಾಹ್ನ ಎಚ್ಚರವಾದಾಗ ಹೆಂಗಸಿಗೆ ಗೆಡ್ಡೆಯ ಜೊತೆ ಗರ್ಭಕೋಶವೂ ಇರಲಿಲ್ಲ. ಅವಳಿಗಿನ್ನೂ ಮಕ್ಕಳಾಗಿರಲಿಲ್ಲ.

ತೆಗೆಯುವ ಅಗತ್ಯ ನಿಜವಾಗಿಯೂ ಇತ್ತೋ ಇಲ್ಲವೋ ಯಾರೂ ಹೇಳುವಂತಿರಲಿಲ್ಲ, ಯಾಕೆಂದರೆ ಯಾಕೆ ತೆಗೆದೆವು ಎಂದು ಎಲ್ಲೂ ಒಂದು ಸಾಲು ಬರೆದಿರಲಿಲ್ಲ. ಗಂಡ ಕೂಗಾಡಿದ. ಹೆಂಗಸು ಗೋಡೆಯ ಕಡೆ ತಿರುಗಿ ಮಲಗಿದಳು. ಆಸ್ಪತ್ರೆಯ ಆಡಳಿತಾಧಿಕಾರಿ ಕಡತ ತರಿಸಿ, ಎರಡು ಸಹಿಗಳ ಮೇಲೆ ಬೆರಳಿಟ್ಟು ತೋರಿಸಿದ. "ಓದಿ ಹೇಳಿದ ಮೇಲೇ ಸಹಿ ಆಗಿದೆ. ಸಾಕ್ಷಿ ಇದ್ದಾರೆ ನೋಡಿ. ಅಲ್ವಾ ಸಿಸ್ಟರ್?"

ಸಿಸ್ಟರ್ ತಲೆಯಾಡಿಸಿದಳು.

ತಲೆಯಾಡಿಸಿದ್ದು ಒಂದು ಕ್ಷಣದ ಕೆಲಸ. ಅದನ್ನು ಹೊತ್ತುಕೊಂಡು ತಿರುಗಿದ್ದು ಬದುಕಿಡೀ. ಮನೆಗೆ ಬಂದರೆ ಅನ್ನ ಸೇರದು, ಗಂಡ ಮಾತಾಡಿಸಿದರೆ ಸಿಡುಕು. ಗಂಡ ನಗರ ಸಾರಿಗೆಯ ಬಸ್ಸು ಓಡಿಸುವವನು, ಯಾರು ಸಿಡುಕಿದರೂ ಕಿವಿಗೆ ಹಾಕಿಕೊಳ್ಳದ ಅಭ್ಯಾಸದವನು. ಅತ್ತೆಗೆ ಮಾತ್ರ ತಡೆಯಲಾಗಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು ಆಕೆ ಅಂದರು: "ನಿನಗೆ ಆ ಕಾಗದ ಅಂದ್ರೆ ಏನು ಅಂತಾನೇ ಗೊತ್ತಿರಲಿಲ್ಲ. ಹೋಗಿ ಅದನ್ನೇ ಓದು. ಮಗುನ ನಾನು ನೋಡ್ಕೋತೀನಿ. ಮನೇಲಿ ಈ ಮುಖ ಹೊತ್ತುಕೊಂಡು ಓಡಾಡಬೇಡ."

ಹಾಗೆ ಅವಳು ಸಂಜೆ ಕಾಲೇಜಿನಲ್ಲಿ ಕಾನೂನು ಓದಿದಳು, ಆಮೇಲೆ ಆರೋಗ್ಯ ಕಾನೂನಿನಲ್ಲೇ ಸ್ನಾತಕೋತ್ತರ ಪದವಿ ಮಾಡಿದಳು. ನರ್ಸ್ ಕೆಲಸ ಬಿಟ್ಟು ವಿಶ್ವವಿದ್ಯಾಲಯದ ಆರೋಗ್ಯ ಸೇವಾ ನಿರ್ವಹಣೆ ವಿಭಾಗಕ್ಕೆ ಸೇರಿದಾಗ ಅವಳಿಗೆ ಮೂವತ್ತೇಳು ವರ್ಷ.

ವಿಭಾಗ ಇದ್ದದ್ದು ವಾಣಿಜ್ಯ ಕಟ್ಟಡದ ಮೂರನೆಯ ಮಹಡಿಯಲ್ಲಿ. ಆಸ್ಪತ್ರೆ ನಡೆಸುವುದು ಹೇಗೆಂದು ಅಲ್ಲಿ ಕಲಿಸುತ್ತಿದ್ದರು. ಮಂಚಗಳು ಖಾಲಿ ಬೀಳದಂತೆ ನೋಡಿಕೊಳ್ಳುವುದು, ಸರದಿ ಸಾಲು ಚಿಕ್ಕದು ಮಾಡುವುದು, ಔಷಧಿ ದಾಸ್ತಾನು ಇಡುವುದು. ಆರೋಗ್ಯ ಕಾನೂನಿಗೆ ಒಂದೇ ಪತ್ರಿಕೆ, ಅದೂ ಊಟದ ನಂತರದ ತೂಕಡಿಕೆಯ ಹೊತ್ತಿಗೆ. ಅವಳ ಹುದ್ದೆಯ ಹೆಸರು ಅತಿಥಿ ಉಪನ್ಯಾಸಕಿ. ನೇಮಕ ಹನ್ನೊಂದು ತಿಂಗಳಿಗೆ. ಹನ್ನೆರಡನೆಯ ತಿಂಗಳು ಅವಳು ಕಡತದ ಪ್ರಕಾರ ಅಲ್ಲಿ ಇಲ್ಲ, ಆದರೆ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದವಳು ಅವಳೇ. ಹೀಗೆ ಹನ್ನೆರಡು ವರ್ಷ. "ಇಷ್ಟು ವರ್ಷದಿಂದ ಬರ್ತಿರೋ ಅತಿಥಿಗೆ ಕೂರೋಕೆ ಕುರ್ಚಿ ಕೊಡದ ಮನೆ ನಾನೆಲ್ಲೂ ನೋಡಿಲ್ಲ" ಎಂದು ಗಂಡ ನಗೆಯಾಡುತ್ತಿದ್ದ. ಅದು ಬರೀ ನಗೆಯೂ ಆಗಿರಲಿಲ್ಲ. ತಾರಸಿಗೆ ಹೋಗುವ ಮೆಟ್ಟಿಲಿನ ಕೆಳಗೆ, ಕೆಟ್ಟು ನಿಂತ ಜೆರಾಕ್ಸ್ ಯಂತ್ರದ ಪಕ್ಕ ಅವಳ ಜಾಗ. ಯಂತ್ರದ ಮುಚ್ಚಳವೇ ಮೇಜು. ಯಾರಾದರೂ ಮೆಟ್ಟಿಲು ಹತ್ತಿದರೆ ತಲೆಯ ಮೇಲೆ ಸುಣ್ಣದ ಪುಡಿ ಉದುರುತ್ತಿತ್ತು.

ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಬೆನ್ನ ಹಿಂದೆ 'ನೋಡೋಣ ಸರ್' ಎನ್ನುತ್ತಿದ್ದರು. ಸಂಭಾವಿತ ಮನುಷ್ಯ, ಮಾತು ಬೆಣ್ಣೆ. ಕಟ್ಟಡಕ್ಕೆ ಬೆಂಕಿ ಬಿದ್ದಿದೆ ಸರ್ ಎಂದರೂ 'ನೋಡೋಣ' ಎನ್ನುವವರು. ಅವಳ ಖಾಯಂ ಹುದ್ದೆಯ ವಿಷಯವನ್ನು ಅವರು ಹನ್ನೆರಡು ವರ್ಷದಿಂದ ನೋಡುತ್ತಲೇ ಇದ್ದರು.

ಅವಳು ಕಾದು ಕೂರಲಿಲ್ಲ. ಕೈಯಲ್ಲೊಂದು ಕೆಲಸ ಇಟ್ಟುಕೊಂಡಿದ್ದಳು. ವಿಭಾಗದ ಜೊತೆ ಒಡಂಬಡಿಕೆಯಿದ್ದ ದೊಡ್ಡ ಆಸ್ಪತ್ರೆಯೊಂದರ ದಾಖಲೆ ಕೋಣೆಯಲ್ಲಿ ಹಳೆಯ ಒಪ್ಪಿಗೆ ಪತ್ರಗಳನ್ನು ಓದಲು ಅನುಮತಿ ಪಡೆದಳು. ಮೂರು ವರ್ಷ, ಪ್ರತಿ ರಜೆಯಲ್ಲೂ, ಮೂವರು ವಿದ್ಯಾರ್ಥಿನಿಯರನ್ನು ಕಟ್ಟಿಕೊಂಡು ಹೋದಳು. ನೆಲಮಾಳಿಗೆಯ ಕೋಣೆ, ಒಂದೇ ಟ್ಯೂಬ್‌ಲೈಟು, ಸೂರಿನವರೆಗೆ ಕಡತ. ಅಲ್ಲಿನ ಮುದುಕ ನೌಕರನನ್ನು ಎಲ್ಲರೂ ಕಡತದಜ್ಜ ಎನ್ನುತ್ತಿದ್ದರು. ಮೊದಲ ದಿನ ಅವನು ಅವರನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ವರ್ಷದಲ್ಲಿ ಇವನ್ನ ಹುಡುಕ್ಕೊಂಡು ಬಂದೋರು ಇಲಿಗಳು ಬಿಟ್ರೆ ನೀವೇ" ಎಂದ.

ರೋಗಿಗಳ ಹೆಸರಿನ ಮೇಲೆ ಕಾಗದದ ಪಟ್ಟಿ ಮುಚ್ಚಿ ಅವರು ಆರುನೂರು ಪತ್ರಗಳನ್ನು ಓದಿದರು. ಪತ್ರದಲ್ಲಿರುವ ಸಹಿಯ ಸಮಯವನ್ನು ಅರಿವಳಿಕೆ ವೈದ್ಯರ ಟಿಪ್ಪಣಿಯ ಪಕ್ಕದಲ್ಲಿಟ್ಟು ನೋಡಿದರು. ಮೊದಲ ವಾರವೇ ಒಬ್ಬ ಹುಡುಗಿ ತಲೆಯೆತ್ತಿ, "ಮೇಡಂ, ಇವರಿಗೆ ಅರಿವಳಿಕೆ ಕೊಟ್ಟಿದ್ದು ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ. ಸಹಿ ಹಾಕಿದ್ದು ಒಂಬತ್ತೂವರೆಗೆ" ಎಂದಳು. ಅಂಥವು ನೂರ ನಲವತ್ತಮೂರು ಸಿಕ್ಕಿದವು. ಒಂದರಲ್ಲಿ ಬಲಗೈ ಮುರಿದು, ಬೆರಳ ತುದಿಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡ ಮನುಷ್ಯನದು ಮುತ್ತು ಪೋಣಿಸಿದಂಥ ಸಹಿ. ಎಡಗೈಯವನಿರಬಹುದೇನೋ ಎಂದು ಅವಳು ಕಡತವನ್ನೆಲ್ಲ ತಿರುವಿದಳು. ಬಿಡುಗಡೆಯ ದಿನ ಅವನು ಹೆಬ್ಬೆಟ್ಟು ಒತ್ತಿದ್ದ. ಅವನಿಗೆ ಬರೆಯಲೇ ಬರುತ್ತಿರಲಿಲ್ಲ.

ಆ ದಿನ ಅವಳು ಕೋಣೆಯಿಂದ ಹೊರಗೆ ಬಂದು ಕಾರಿಡಾರಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡಳು.

ವರದಿ ಬರೆದು ಮುಗಿಸಿದಾಗ ನೂರ ಹನ್ನೆರಡು ಪುಟ. ಕೊನೆಯಲ್ಲಿ, ಆಸ್ಪತ್ರೆಗಳಿಗೆ ಕಟ್ಟಳೆ ಹಾಕುವ ಸರ್ಕಾರದ ಆರೋಗ್ಯ ಸಮಿತಿ ಒಪ್ಪಬಹುದಾದ ಹತ್ತು ನಿಯಮಗಳ ಕರಡು. ನಾಲ್ಕನೆಯದೇ ಅದರ ಜೀವ. ಒಂದೇ ವಾಕ್ಯ: 'ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಪತ್ರವನ್ನು ಓದಿ ಹೇಳತಕ್ಕದ್ದು.' ಈ ಒಂದು ವಾಕ್ಯಕ್ಕೆ ಅವಳು ಹನ್ನೊಂದು ಸಲ ಗೀಚಿ ಗೀಚಿ ತಿದ್ದಿದ್ದಳು. ಮುಖ್ಯಸ್ಥರು ವರದಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. "ಅದ್ಭುತ ಮೇಡಂ. ನಮ್ಮ ವಿಭಾಗಕ್ಕೇ ಹೆಮ್ಮೆ. ಸಮಿತಿಗೆ ನಾನೇ ಕಳಿಸ್ತೀನಿ." ನೋಡೋಣ ಎನ್ನದೆ ಅವರು ಹೇಳಿದ ಮೊದಲ ಮಾತು ಅದು. ಅಲ್ಲೇ ಅನುಮಾನ ಬರಬೇಕಿತ್ತು.

ಮೂರು ತಿಂಗಳ ನಂತರ ಅಚ್ಚಾದ ಪ್ರತಿ ಬಂತು. ನೀಲಿ ರಟ್ಟು, ಚಿನ್ನದ ಬಣ್ಣದ ಅಕ್ಷರ. ಮುಖಪುಟದಲ್ಲಿ ಒಂದೇ ಹೆಸರು, ಮುಖ್ಯಸ್ಥರದು. ಅವಳ ಹೆಸರು ಕೃತಜ್ಞತೆಯ ಪುಟದ ಕೊನೆಯ ಸಾಲಿನಲ್ಲಿತ್ತು, 'ಕಡತಗಳನ್ನು ಜೋಡಿಸಲು ನೆರವಾದವರು' ಎಂಬ ಪಟ್ಟಿಯಲ್ಲಿ, ಕಡತದಜ್ಜನ ನಂತರ. ವಿದ್ಯಾರ್ಥಿನಿಯರ ಹೆಸರು ಎಲ್ಲೂ ಇರಲಿಲ್ಲ. ಸಹಿ ಮತ್ತು ಅರಿವಳಿಕೆಯ ಸಮಯದ ಕೋಷ್ಟಕ ಇಡಿಯಾಗಿ ಮಂಗಮಾಯ. ಅವಳು ಜೆರಾಕ್ಸ್ ಯಂತ್ರದ ಮುಚ್ಚಳದ ಮೇಲೆ ಪುಸ್ತಕ ಹರಡಿಕೊಂಡು ನಾಲ್ಕನೆಯ ನಿಯಮಕ್ಕೆ ಬಂದಳು: 'ಸಂದರ್ಭ ಅನುಕೂಲಿಸಿದಲ್ಲಿ, ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಪತ್ರವನ್ನು ಓದಿ ಹೇಳಬಹುದು.'

ಹೆಸರು ಹೋದದ್ದನ್ನು ಅವಳು ನುಂಗಿಕೊಳ್ಳುತ್ತಿದ್ದಳೋ ಏನೋ. ಹನ್ನೆರಡು ವರ್ಷದಲ್ಲಿ ಎಷ್ಟನ್ನೋ ನುಂಗಿದ್ದಳು. ಆದರೆ ಆ 'ಬಹುದು' ಗಂಟಲಲ್ಲಿ ಇಳಿಯಲಿಲ್ಲ. ಪುಸ್ತಕ ಹಿಡಿದು ನೆಟ್ಟಗೆ ಮುಖ್ಯಸ್ಥರ ಕೋಣೆಗೆ ನುಗ್ಗಿದಳು.

"ಸರ್, ಇದೇನು?"

"ಬನ್ನಿ ಬನ್ನಿ, ಕೂತ್ಕೊಳ್ಳಿ. ಚೆನ್ನಾಗಿ ಬಂದಿದೆ ಅಲ್ವಾ ಅಚ್ಚು?"

"ನಾಲ್ಕನೇ ನಿಯಮ ಬದಲಾಗಿದೆ."

"ಸ್ವಲ್ಪ ಮೆತ್ತಗೆ ಮಾಡಿದೆ, ಅಷ್ಟೆ. ಒಮ್ಮೆಲೇ ಹೇಳತಕ್ಕದ್ದು ಗೀಳತಕ್ಕದ್ದು ಅಂದ್ರೆ ಆಸ್ಪತ್ರೆಯವರು ಬೆನ್ನು ತಿರುಗಿಸ್ತಾರೆ. ನಮ್ಮ ಮಕ್ಕಳ ತರಬೇತಿ ನಡೆಯೋದು ಅಲ್ಲೇ ತಾನೇ?"

"ಅದಕ್ಕೇನಾ ಕೋಷ್ಟಕ ತೆಗೆದಿದ್ದು?"

"ಓದುವವರಿಗೆ ಭಾರ ಆಗುತ್ತೆ ಅಂತ."

"ಮತ್ತೆ ಹೆಸರು?"

"ಖಾಯಂ ಅಧ್ಯಾಪಕರ ಹೆಸರು ಮಾತ್ರ ಹಾಕಬೇಕು ಅಂತ ನಿಯಮ ಇದೆಯಲ್ಲ."

"ಯಾವ ನಿಯಮ ಸರ್? ಸಂಖ್ಯೆ ಎಷ್ಟು?"

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. "ನಿಯಮ ಅಂದ್ರೆ ಪದ್ಧತಿ. ನೋಡಿ ಮೇಡಂ, ಮುಂದಿನ ತಿಂಗಳು ಖಾಯಂ ಹುದ್ದೆಗೆ ಸಂದರ್ಶನ ಇದೆ. ಆಯ್ಕೆ ಸಮಿತಿಯಲ್ಲಿ ನಾನೂ ಇರ್ತೀನಿ. ಈಗ ಕಾಲು ಕೆರ್ಕೊಂಡು ಜಗಳಕ್ಕೆ ನಿಲ್ಲೋ ಹೊತ್ತಾ ಇದು?"

ಅವಳು ಬಾಗಿಲು ಎಳೆದುಕೊಂಡು ಬಂದಳು. ಮನೆಗೆ ಹೋಗುವ ದಾರಿಯುದ್ದಕ್ಕೂ 'ಮೆತ್ತಗೆ' ಎಂಬ ಪದ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಯಾರ ಹೊಟ್ಟೆ ಕೊಯ್ಯುವಾಗ ಮೆತ್ತಗೆ? ಯಾರಿಗೆ ಭಾರ?

ಸಂದರ್ಶನಕ್ಕೆ ಅವಳು ಹೋದಳು. ಉದ್ದನೆಯ ಮೇಜಿನ ಆ ಕಡೆ ಐದು ಜನ. ಬೇರೆ ವಿಶ್ವವಿದ್ಯಾಲಯದಿಂದ ಬಂದ ಪರಿಣತೆಯೊಬ್ಬರು ನೀಲಿ ರಟ್ಟಿನ ಪುಸ್ತಕವನ್ನು ಮುಂದಿಟ್ಟುಕೊಂಡಿದ್ದರು.

"ಈ ವರದಿಯಲ್ಲಿ ನಿಮ್ಮ ಪಾತ್ರ ಏನು?"

"ಮೂರು ಪದ ಬಿಟ್ಟು ಉಳಿದದ್ದೆಲ್ಲ ನಾನು ಬರೆದದ್ದು. ಮಾಹಿತಿ ತೆಗೆದಿದ್ದು ನಾನು ಮತ್ತು ಮೂವರು ವಿದ್ಯಾರ್ಥಿನಿಯರು."

ಪರಿಣತೆ ಕೃತಜ್ಞತೆಯ ಪುಟ ತೆರೆದು ನೋಡಿದರು. "ಇಲ್ಲಿ ಕಡತ ಜೋಡಿಸಿದವರು ಅಂತ ಇದೆಯಲ್ಲ."

ಅವಳು ಮುಖ್ಯಸ್ಥರತ್ತ ನೋಡಿದಳು. ಅವರು ತಿರುಗುವ ಫ್ಯಾನನ್ನು ನೋಡುತ್ತಿದ್ದರು. ಆಮೇಲೆ ಬಹಳ ಅಕ್ಕರೆಯಿಂದ ಅಂದರು: "ಮೇಡಂ ತುಂಬಾ ಶ್ರಮಜೀವಿ. ಅದರಲ್ಲಿ ಎರಡು ಮಾತಿಲ್ಲ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಶ್ರಮಜೀವಿಗೆ ಏನು ಉತ್ತರ ಕೊಡುವುದು? ಹುದ್ದೆ ಸಿಕ್ಕಿದ್ದು ನಿರ್ವಹಣಾ ಶಾಸ್ತ್ರದ ಯುವಕನೊಬ್ಬನಿಗೆ. ಒಳ್ಳೆಯವನೇ ಪಾಪ. ಕೆಲಸಕ್ಕೆ ಸೇರಿದ ವಾರ ಅವಳ ಬಳಿಗೇ ಬಂದು, "ಮೇಡಂ, ವಾರ್ಡ್ ಒಳಗೆ ಒಂದು ಸಲ ಕರ್ಕೊಂಡು ಹೋಗ್ತೀರಾ? ನಾನು ನೋಡೇ ಇಲ್ಲ" ಎಂದು ಕೇಳಿದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಅವಳಿಗೆ ಆಗಲಿಲ್ಲ.

ಅದೇ ಹೊತ್ತಿಗೆ ಆರೋಗ್ಯ ಸಮಿತಿ ಕರಡು ನಿಯಮಗಳ ಮೇಲೆ ಸಾರ್ವಜನಿಕರ ಆಕ್ಷೇಪಣೆ ಕರೆಯಿತು. ಯಾರು ಬೇಕಾದರೂ ಬರೆದು ಕೊಡಬಹುದು, ಬಂದು ಐದು ನಿಮಿಷ ಮಾತಾಡಬಹುದು. ಗುತ್ತಿಗೆಯ ನೌಕರಿ ಮುಂದುವರಿಯಬೇಕಾದರೆ ಬಾಯಿ ಮುಚ್ಚಿಕೊಂಡಿರಬೇಕೆಂದು ಅವಳಿಗೆ ಗೊತ್ತಿತ್ತು. ಗಂಡನನ್ನು ಕೇಳಿದಳು. ಅವನು ಬಸ್ಸಿನ ಕೀಲಿ ಬೆರಳಲ್ಲಿ ತಿರುಗಿಸುತ್ತ, "ನೀನು ಸುಮ್ಮನಿದ್ರೆ ಮನೇಲಿ ನಾವು ಬದುಕೋಕಾಗುತ್ತಾ? ಹೋಗಿ ಮಾತಾಡು" ಎಂದ.

ಅರ್ಜಿ ಬರೆಯಲು ಕೂತಾಗ ಮೊದಲ ಸಾಲೇ ಮುಂದಕ್ಕೆ ಹೋಗಲಿಲ್ಲ. ಸಮಿತಿಯ ಮುಂದೆ ನಿಂತು ಯಾರದೋ ಸಹಿಯ ಬಗ್ಗೆ ಮಾತಾಡುವ ಮೊದಲು ಮಾತಾಡಬೇಕಾದ ಇನ್ನೊಬ್ಬಳಿದ್ದಳು. ಇಪ್ಪತ್ತು ವರ್ಷಕ್ಕೂ ಮೀರಿದ ಮಾತು. ಆ ರಸ್ತೆ ತಿರುವನ್ನು ಅವಳು ಅಷ್ಟೂ ವರ್ಷ ಸುತ್ತು ಹಾಕಿಕೊಂಡು ದಾಟಿದ್ದಳು. ಈ ಸಲ ನೆಟ್ಟಗೆ ಹೋದಳು.

ಅಂಗಡಿ ಅಲ್ಲೇ ಇತ್ತು. ಈಗ ಗಾಜಿನ ಬಾಗಿಲು, ಹಬೆಯ ಇಸ್ತ್ರಿ ಪೆಟ್ಟಿಗೆ, ತೂಗುಹಾಕಿದ ಅಂಗಿಗಳ ಸಾಲು. ಹೆಂಗಸಿಗೆ ತಲೆ ಅರ್ಧ ನರೆತಿತ್ತು. ಯಾರದೋ ಬಿಳಿ ಕೋಟಿನ ತೋಳನ್ನು ಹಲಗೆಯ ಮೇಲೆ ಹರಡಿ ಉಜ್ಜುತ್ತಿದ್ದಳು.

"ನಾನು ಯಾರು ಅಂತ ಗೊತ್ತಾಯ್ತಾ?"

ಹೆಂಗಸು ಒಂದು ನೋಟ ನೋಡಿದಳು. "ಗೊತ್ತಾಗದೆ ಏನು. 'ಎಲ್ಲರೂ ಹಾಕೋದೇ' ಸಿಸ್ಟರ್."

"ನಾನು ಅವತ್ತು ಸುಳ್ಳಿಗೆ ತಲೆಯಾಡಿಸಿದೆ. ತಪ್ಪಾಯ್ತು ಅಂತ ಹೇಳೋಕೆ ಬಂದೆ."

"ಬರೋಕೆ ಇಷ್ಟು ವರ್ಷ ಬೇಕಾಯ್ತಾ? ಬಸ್ಸಲ್ಲಿ ಕಾಲು ಗಂಟೆ ದಾರಿ."

ಹೆಂಗಸು ತೋಳನ್ನು ಮಡಚಿ, ಕಾಲರು ಸರಿಮಾಡಿ, ಕೋಟನ್ನು ತೂಗುಹಾಕಿದಳು. "ನನ್ನ ಗಂಡ ಸತ್ತು ಆರು ವರ್ಷ ಆಯ್ತು. ಅಣ್ಣನ ಮಗಳನ್ನ ಸಾಕ್ಕೊಂಡೆ. ಚೆನ್ನಾಗಿದೀನಿ. ನಿಮ್ಮನ್ನ ಬೈಯೋಕೆ ಅಂತ ಏನೇನೋ ಮಾತು ಜೋಡಿಸಿಟ್ಟಿದ್ದೆ, ಈಗ ಒಂದೂ ನೆನಪಾಗ್ತಿಲ್ಲ. ತಪ್ಪಾಯ್ತು ಅಂದ್ರಲ್ಲ, ಕೇಳಿಸ್ಕೊಂಡೆ. ಪರವಾಗಿಲ್ಲ ಅಂತ ಮಾತ್ರ ನಾನು ಹೇಳಲ್ಲ."

"ಹೇಳಬೇಡಿ."

ಅಲ್ಲೇ ನಿಂತು ಅವಳು ಕರಡು ನಿಯಮದ ವಿಷಯ ಹೇಳಿದಳು. ಹೆಂಗಸು ಇಸ್ತ್ರಿ ಪೆಟ್ಟಿಗೆಯ ಗುಂಡಿ ಆರಿಸಿ ಕೇಳಿಸಿಕೊಂಡಳು. 'ಸಂದರ್ಭ ಅನುಕೂಲಿಸಿದಲ್ಲಿ' ಎಂಬುದನ್ನು ಎರಡು ಸಲ ಹೇಳಿಸಿಕೊಂಡಳು.

"ಯಾರ ಅನುಕೂಲ?"

"ಅದನ್ನೇ ಕೇಳೋಕೆ ಹೋಗ್ತಿದೀನಿ."

"ಯಾವತ್ತು? ನಾನೂ ಬರ್ತೀನಿ."

ಸಮಿತಿಯ ಸಭಾಂಗಣದಲ್ಲಿ ಎಪ್ಪತ್ತು ಜನ ಸೇರಿದ್ದರು. ಅಧ್ಯಕ್ಷತೆ ವಹಿಸಿದ್ದವರು ನಿವೃತ್ತ ವೈದ್ಯೆಯೊಬ್ಬರು. ಮುಂದಿನ ಸಾಲಿನಲ್ಲಿ ಮುಖ್ಯಸ್ಥರು ನೀಲಿ ಪುಸ್ತಕದೊಂದಿಗೆ ಕೂತಿದ್ದರು. ಸಹಿ ಮೇಡಂ ಎದ್ದು ಮೊದಲು ತನ್ನ ಕತೆ ಹೇಳಿದಳು. ಸಾಕ್ಷಿಯ ಜಾಗದಲ್ಲಿ ತಾನೇ ಸಹಿ ಹಾಕಿದ್ದನ್ನು, ತಲೆಯಾಡಿಸಿದ್ದನ್ನು, ಎಲ್ಲರ ಎದುರು ಬಿಡಿಸಿ ಹೇಳಿದಳು. ಆಮೇಲೆ ನೂರ ನಲವತ್ತಮೂರು ಪತ್ರಗಳ ಸಮಯದ ಲೆಕ್ಕ ಓದಿದಳು. ಪ್ಲಾಸ್ಟರ್ ಹಾಕಿದ ಕೈಯ ಸಹಿಯ ಬಗ್ಗೆಯೂ ಹೇಳಿದಳು.

ಮುಖ್ಯಸ್ಥರು ಎದ್ದುನಿಂತರು. "ಭಾವನೆ ಅರ್ಥವಾಗುತ್ತೆ. ಆದ್ರೆ ಅಪಘಾತ ಆಗಿ ಪ್ರಜ್ಞೆ ತಪ್ಪಿ ಬಂದವರಿಗೆ ಯಾರು ಓದಿ ಹೇಳೋದು? ಅದಕ್ಕೇ ಆ ಪದ ಹಾಕಬೇಕಾಯ್ತು."

"ತುರ್ತು ಸಂದರ್ಭಕ್ಕೆ ಐದನೇ ನಿಯಮ ಬೇರೆಯೇ ಇದೆ" ಎಂದಳು ಅವಳು. "ಸರ್ ಅದನ್ನ ಓದಿರಬೇಕಲ್ಲ. ಮುಖಪುಟದಲ್ಲಿ ಅವರ ಹೆಸರೇ ಇದೆ."

ಸಭೆಯಲ್ಲಿ ನಗು ಹಬ್ಬಿತು. ಮುಖ್ಯಸ್ಥರು ಪುಟ ತಿರುವತೊಡಗಿದರು. ಐದನೆಯ ನಿಯಮ ಎಷ್ಟನೆಯ ಪುಟದಲ್ಲಿದೆಯೆಂದು ಅವರಿಗೆ ಸಿಗುತ್ತಿಲ್ಲವೆಂಬುದು ಎಲ್ಲರಿಗೂ ಕಾಣುತ್ತಿತ್ತು.

ಆಮೇಲೆ ಇಸ್ತ್ರಿ ಅಂಗಡಿಯ ಹೆಂಗಸನ್ನು ಕರೆದರು. ಅವಳು ಧ್ವನಿವರ್ಧಕವನ್ನು ಸ್ವಲ್ಪ ದೂರ ಸರಿಸಿದಳು. "ನನಗೆ ಕಾನೂನು ಗೊತ್ತಿಲ್ಲ. ನಾನು ಬಟ್ಟೆ ತಗೊಳ್ಳೋವಾಗ ಕೇಳ್ತೀನಿ, ಮಡಿಕೆ ಇಡ್ಲಾ ಬೇಡ್ವಾ, ಗಂಜಿ ಹಾಕ್ಲಾ, ಈ ಕಲೆ ಉಜ್ಜಿದ್ರೆ ಬಟ್ಟೆ ಹೋಗಬಹುದು, ಆದ್ರೂ ಉಜ್ಜಲಾ ಅಂತ. ಒಂದು ಅಂಗಿಗೆ ಅಷ್ಟು ಕೇಳ್ತೀನಿ. ನಾಳೆಯಿಂದ ನನಗೆ ಅನುಕೂಲ ಆದ್ರೆ ಮಾತ್ರ ಕೇಳ್ತೀನಿ ಅಂತ ಬೋರ್ಡ್ ಹಾಕಿದ್ರೆ, ನೀವು ಯಾರಾದ್ರೂ ನನ್ನ ಅಂಗಡಿಗೆ ಬಟ್ಟೆ ಕೊಡ್ತೀರಾ? ನನ್ನ ಹೊಟ್ಟೆ ಒಳಗಿದ್ದದ್ದು ಅಂಗಿಗಿಂತ ಕಡಿಮೆ ಅಂತ ಯಾರು ತೀರ್ಮಾನ ಮಾಡಿದ್ರು? ಅಷ್ಟೇ ನಾನು ಕೇಳೋದು."

ಐದು ನಿಮಿಷದಲ್ಲಿ ಒಂದೂವರೆ ನಿಮಿಷ ಮುಗಿದಿತ್ತು. ಅವಳು ಬಂದು ಕೂತಳು.

ಅಂತಿಮ ನಿಯಮಗಳು ಆರು ತಿಂಗಳ ನಂತರ ಹೊರಬಂದವು. ನಾಲ್ಕನೆಯದರಲ್ಲಿ 'ಸಂದರ್ಭ ಅನುಕೂಲಿಸಿದಲ್ಲಿ' ಇರಲಿಲ್ಲ. 'ಬಹುದು' ಹೋಗಿ 'ತಕ್ಕದ್ದು' ಮರಳಿ ಬಂದಿತ್ತು. ಪತ್ರದಲ್ಲಿ ಸಹಿಯ ಗಂಟೆ ನಿಮಿಷ ಬರೆಯುವ ಕಾಲಂ ಕಡ್ಡಾಯವಾಯಿತು. ಆದರೆ ತಪ್ಪಿದವರಿಗೆ ಶಿಕ್ಷೆಯೇನು ಎಂಬ ಹತ್ತನೆಯ ನಿಯಮವನ್ನು ಇಡಿಯಾಗಿ ಕೈಬಿಟ್ಟಿದ್ದರು. ಹೇಳತಕ್ಕದ್ದು, ಹೇಳದಿದ್ದರೆ ಏನೂ ಇಲ್ಲ. ಅದನ್ನು ಓದಿ ಅವಳು ಸಂತೋಷಪಡಬೇಕೋ ಕಾಗದ ಹರಿಯಬೇಕೋ ತಿಳಿಯದೆ ಅಡಿಗೆಮನೆಯಲ್ಲಿ ಅತ್ತಿಂದಿತ್ತ ಓಡಾಡಿದಳು. ಎಂಬತ್ತರ ಅತ್ತೆ, "ಅರ್ಧ ಸಿಕ್ಕಿತಲ್ಲ, ಕೂತ್ಕೊಂಡು ಊಟ ಮಾಡು. ಮಿಕ್ಕ ಅರ್ಧಕ್ಕೆ ಶಕ್ತಿ ಬೇಕು" ಎಂದರು.

ವಿಭಾಗದಲ್ಲಿ ಅವಳ ಗುತ್ತಿಗೆ ಮುಂದುವರಿಯಲಿಲ್ಲ. ಕಾರಣ ಕೇಳಿದರೆ, ಅತಿಥಿಗಳನ್ನು ಕರೆಯದಿರಲು ಕಾರಣ ಕೊಡಬೇಕಾಗಿಲ್ಲ ಎಂಬ ಉತ್ತರ. ಮುಖ್ಯಸ್ಥರಿಗೆ ಆ ವರ್ಷ ಆರೋಗ್ಯ ನೀತಿ ಕೇಂದ್ರದ ನಿರ್ದೇಶಕರ ಹುದ್ದೆ ಸಿಕ್ಕಿತು, ರೋಗಿಗಳ ಹಕ್ಕಿಗಾಗಿ ದುಡಿದವರೆಂದು ಒಂದು ಫಲಕವೂ ಸಿಕ್ಕಿತು.

ಊರಿನ ಇನ್ನೊಂದು ತುದಿಯಲ್ಲಿದ್ದ ನರ್ಸಿಂಗ್ ಶಾಲೆಯವರು ಅವಳನ್ನು ಕರೆದರು. ಅಲ್ಲಿ ಅವಳಿಗೆ ಖಾಯಂ ನೇಮಕ, ಬಾಗಿಲ ಮೇಲೆ ಹೆಸರಿನ ಪಟ್ಟಿ, ಬೀಗ ಹಾಕುವ ಖಾನೆಯಿರುವ ನಿಜವಾದ ಮೇಜು. ಮೊದಲ ದಿನ ಖಾನೆಯನ್ನು ನಾಲ್ಕೈದು ಸಲ ಎಳೆದು ಮುಚ್ಚಿ ನೋಡಿದಳು. ಇಷ್ಟಕ್ಕೇ ಖುಷಿಯಾಗುತ್ತದಲ್ಲ ಎಂದು ತನ್ನ ಮೇಲೇ ರೇಗಿಕೊಂಡಳು.

ಎರಡು ವರ್ಷ ಕಳೆದು ಮುಖ್ಯಸ್ಥರ ಅಭಿನಂದನ ಗ್ರಂಥಕ್ಕೆ ಲೇಖನ ಕೊಡಿ ಎಂದು ವಿಭಾಗದಿಂದ ಪತ್ರ ಬಂತು. ಅದೇ ಯುವಕ ಬರೆದಿದ್ದ, ಪಾಪ, ಪ್ರಾಮಾಣಿಕವಾಗಿಯೇ. ಅವಳು ಆಸ್ಪತ್ರೆಯ ಹೆಸರು ಹೇಳದೆ, ಮುನ್ನುಡಿ ಇಲ್ಲದೆ, ವಿವರಣೆ ಇಲ್ಲದೆ ನೂರ ನಲವತ್ತಮೂರು ಪತ್ರಗಳ ಕೋಷ್ಟಕವನ್ನು ಒಂದೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದು ಕಳಿಸಿದಳು. ಹದಿನೈದು ದಿನಕ್ಕೆ ವಾಪಸ್ ಬಂತು. ಲೇಖನ ತುಂಬಾ ದೀರ್ಘವಾಗಿದೆಯಂತೆ.

ಅದನ್ನೇ ಅವಳು ನರ್ಸುಗಳ ಸಂಘದ ಮಾಸಪತ್ರಿಕೆಗೆ ಕಳಿಸಿದಳು, ನಾಲ್ವರ ಹೆಸರಿನಲ್ಲಿ, ಮೂವರು ವಿದ್ಯಾರ್ಥಿನಿಯರ ಹೆಸರು ಮೊದಲು. ಪತ್ರಿಕೆಯವರು ಮಧ್ಯದ ಹಾಳೆಯಲ್ಲಿ ಇಡೀ ಪುಟಕ್ಕೆ ಹಾಕಿದರು. ಆ ಮೂವರಲ್ಲೊಬ್ಬಳು ಈಗ ಒಂದು ಆಸ್ಪತ್ರೆಯ ಆಡಳಿತದಲ್ಲಿದ್ದಾಳೆ. ಹೋದ ವಾರ ಅವಳು ಫೋನು ಮಾಡಿದ್ದಳು. ಅವಳ ಆಸ್ಪತ್ರೆಯಲ್ಲಿ ಯಾರೋ ಆ ಪುಟವನ್ನು ಹರಿದು ಡ್ಯೂಟಿ ಕೋಣೆಯ ಗೋಡೆಗೆ ಅಂಟಿಸಿದ್ದರಂತೆ. ಮೇಲಿನವರು ಕಿತ್ತು ಹಾಕಿಸಿದರಂತೆ. ಮರುದಿನ ಇನ್ನೊಂದು ಪ್ರತಿ ಗೋಡೆಯ ಮೇಲಿತ್ತಂತೆ. ಅದನ್ನೂ ಕಿತ್ತರಂತೆ.

"ಈಗ?" ಎಂದಳು ಸಹಿ ಮೇಡಂ.

"ಈಗ ಗೋಂದು ಬಳಿದು ಅಂಟಿಸಿದಾರೆ ಮೇಡಂ. ಕೀಳೋಕೆ ಹೋದ್ರೆ ಸುಣ್ಣ ಸಮೇತ ಬರುತ್ತೆ. ಯಾರು ಮಾಡಿದ್ದು ಅಂತ ನನ್ನಿಂದ ವರದಿ ಕೇಳಿದಾರೆ."

"ಏನು ಬರೀತೀಯಾ?"

"ನೋಡೋಣ ಅಂದಿದೀನಿ."